ಹೆಲ್ಮೆಟ್ಟಿನೊಳಗಿನ ಅಪ್ಪ

ನನ್ನ ಭಾವನ ತಲೆಯೊಳಗೆ ಏನಿದೆಯೋ ದೇವರೇ ಬಲ್ಲ. ತಲೆಯ ಮೇಲೆ ಏನಿದೆ ಎಂಬುದನ್ನು ಮಾತ್ರ ಇಡೀ ಪಾರ್ವತಿನಗರ ಬಲ್ಲದು. ಹೆಲ್ಮೆಟ್!

ಬಳ್ಳಾರಿ ಬಿಸಿಲಿನಲ್ಲಿ ಹೆಲ್ಮೆಟ್ ಎಂದರೆ ಪೊಲೀಸರು ಕಂಡಾಗ ತಲೆಗೇರುವ, ಉಳಿದಂತೆ ಬೈಕಿನ ಕನ್ನಡಿಗೆ ತೂಗುವ ವಸ್ತು. ಭಾವನೂ ಅದರಲ್ಲಿ ಟೊಮೆಟೊ ತರುತ್ತಿದ್ದವನೇ. ಅಕ್ಕನಿಗೆ ಗಂಡುಮಗು ಹುಟ್ಟಿದ್ದೇ ತಡ, ಸಿರುಗುಪ್ಪದ ರೈಸ್ ಮಿಲ್ಲಿನ ಕೆಲಸಕ್ಕೆ ದಿನವೂ ಹೆಲ್ಮೆಟ್ ಹಾಕಿಕೊಂಡೇ ಹೊರಡತೊಡಗಿದ.

"ಇದೇನು ಭಾವ, ಹೊಸಾದು?" ಎಂದೆ.

"ಮಗ ಅಪ್ಪನ ಮಾರಿ ನೋಡಬೇಕಂದ್ರ ತಲಿ ಜಾಗದಾಗ ಇರಬೇಕಲ್ಲಲೇ" ಎಂದ.

ಆ ಮುಖವನ್ನೇ ಮಗ ಒಪ್ಪಲಿಲ್ಲ ನೋಡಿ! ಕೂಸು ಏಳುವ ಹೊತ್ತಿಗೆ ಭಾವ ಹೆಲ್ಮೆಟ್ಟಿನಲ್ಲಿ. ಸಂಜೆ ಬಾಗಿಲಲ್ಲೇ ನಿಂತು ಅದರ ಗಾಜು ಎತ್ತುವುದು, ಇಳಿಸುವುದು. ಕೂಸು ಕೇಕೆ ಹಾಕಿ ನಗುತ್ತಿತ್ತು. ಹೆಲ್ಮೆಟ್ ತೆಗೆದನೋ, ಮನೆಗೆ ಕಳ್ಳ ನುಗ್ಗಿದಂತೆ ಚೀರಾಟ. ಬರಿತಲೆಯ ಅಪ್ಪನ ಹತ್ತಿರ ಹೋಗುತ್ತಲೇ ಇರಲಿಲ್ಲ.

ಬೇರೆಯವರಾಗಿದ್ದರೆ ಮಗುವಿಗೆ ಮುಖ ರೂಢಿ ಮಾಡಿಸುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಭಾವ ಮನೆಯೊಳಗೂ ಹೆಲ್ಮೆಟ್ ಹಾಕಿಕೊಂಡ. ಹಾಕಿಕೊಂಡೇ ತೊಟ್ಟಿಲು ತೂಗಿದ, ಗಾಜು ಎತ್ತಿ ಒಗ್ಗರಣೆ ಮಂಡಕ್ಕಿ ತಿಂದ. ಕೂಸಿನ ಫೋಟೊ ತೆಗೆಸಲು ಗಾಂಧಿನಗರದ ಸ್ಟುಡಿಯೋಕ್ಕೂ ಹಾಗೆಯೇ ಬಂದ. ಫೋಟೊದವನು, "ಸಾರ್, ಇಲ್ಲಿ ಯಾರೂ ಫೈನ್ ಹಾಕಂಗಿಲ್ರಿ" ಎಂದ.

"ತೆಗೀರಿ, ಮಂದಿ ನೋಡಾಕತ್ಯಾರ" ಎಂದಳು ಅಕ್ಕ.

"ನೋಡ್ಲಿ ಬಿಡು" ಎಂದ ಭಾವ. ಹೊರಗೆ ಬಂದ ಮೇಲೆ ನನಗೊಬ್ಬನಿಗೇ ಹೇಳಿದ: "ಒಮ್ಮಿ ಈ ಬರೇ ಮಾರಿ ನೋಡಿ ನನ್ನ ಕಡಿ ಬಂದ್ರ ಸಾಕು ನೋಡಲೇ."

ಹನ್ನೊಂದನೇ ತಿಂಗಳಲ್ಲಿ ಕುರುಗೋಡಿನ ಬಸವೇಶ್ವರ ಗುಡಿಯಲ್ಲಿ ಜವಳ. ಬಸ್ಸಿನಲ್ಲಿ ಹೋದರೂ ಭಾವನ ಚೀಲದಲ್ಲಿ ಹೆಲ್ಮೆಟ್ ಇತ್ತು! ಸೋದರಮಾವನಾದ ನನ್ನ ತೊಡೆಯ ಮೇಲೆ ಕೂಸು. ಅರ್ಧ ತಲೆ ಬೋಳಾಗುವಷ್ಟರಲ್ಲಿ ಗುಡಿ ಹಾರಿಹೋಗುವಂತೆ ಅಳತೊಡಗಿತು. ಅಕ್ಕ ಎಷ್ಟು ರಮಿಸಿದರೂ ನಿಲ್ಲಲಿಲ್ಲ. ಕ್ಷೌರದವನು ಕೈ ತೆಗೆದು ಕೂತ.

ಭಾವ ಗಡಬಡಿಸಿ ಹೆಲ್ಮೆಟ್ ಹಾಕಿಕೊಂಡು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಗಾಜು ಎತ್ತಿದ, ಇಳಿಸಿದ. ಕೂಸು ನಗಲಿಲ್ಲ. ಮುಂದೆ ಬಾಗಿ, ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡಿದು ಜಗ್ಗತೊಡಗಿತು. ಭಾವ ಹೆದರುತ್ತಲೇ ತೆಗೆದು ನನ್ನ ಪಕ್ಕಕ್ಕಿಟ್ಟ. ಬೆವರಿಗೆ ಅಂಟಿದ ಕೂದಲು, ಕೆಂಪೇರಿದ ಮುಖ. ಕೂಸು ಆ ಮುಖವನ್ನೇ ನೋಡಿತು. ಆಮೇಲೆ ನನ್ನ ತೊಡೆಯಿಂದ ಜಾರಿ ಅವನ ಕೊರಳಿಗೆ ಬಿದ್ದು, ಕೆನ್ನೆಗೆ ಕೆನ್ನೆ ಒತ್ತಿ ಸುಮ್ಮನಾಯಿತು.

"ಇನ್ನ ಅದರಾಗ ಟೊಮೆಟೊ ತರ್ರಿ" ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಭಾವ ನನ್ನತ್ತ ಒಂದು ಕೈ ಚಾಚಿದ. "ಆ ಹೆಲ್ಮೆಟ್ ಇತ್ತ ಕೊಡಲೇ."

"ಯಾಕ ಭಾವ?"

"ಮಂದಿ ನೋಡಾಕತ್ಯಾರ."

ಅವನ ಕಣ್ಣು ತುಂಬಿ ಹರಿಯುತ್ತಿತ್ತು. ನಾನು ಕೊಡಲಿಲ್ಲ. ಹನ್ನೊಂದು ತಿಂಗಳು ಕಾದ ಮುಖ ಅದು.