ಗಿಂಡಿಯ ಹೋಟೆಲು ನಮ್ಮ ಮನೆಗೆ ಬಂದದ್ದು

ಮೊದಲೇ ಹೇಳಿಬಿಡುತ್ತೇನೆ: ಬ್ಯಾಕಪ್ಪಿನಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ತೊಂದರೆಯಾದದ್ದೇ ಅದರಿಂದ!

ಚೆನ್ನೈಯ ಗಿಂಡಿಯಲ್ಲಿ ನಮ್ಮದೊಂದು ಉಡುಪಿ ಹೋಟೆಲಿದೆ. ಗಲ್ಲಾ ನನ್ನ ಯಜಮಾನರದು, ಕಂಪ್ಯೂಟರು ನನ್ನದು. ಸಪ್ಲಾಯರ್ ತನ್ನ ಫೋನಿನಲ್ಲಿ ಆರ್ಡರು ಒತ್ತಿದರೆ ಅದು ಎಲ್ಲೋ ದೂರದ ಕ್ಲೌಡ್ ಸರ್ವರಿಗೆ ಹೋಗಿ, ಅಲ್ಲಿಂದ ಅಡುಗೆಮನೆಯ ಪ್ರಿಂಟರಿನಲ್ಲಿ ಚೀಟಿಯಾಗಿ ಇಳಿಯುತ್ತದೆ. ಯಾರು ಬಾಯಲ್ಲಿ ಕೂಗಿದರೂ ದೋಸೆ ಹುಯ್ಯಬಾರದು, ಚೀಟಿ ಬಂದರೆ ಮಾತ್ರ ಎಂದು ಅಡುಗೆಯ ಗಣಪತಿ ಭಟ್ಟರಿಗೆ ಕಟ್ಟಪ್ಪಣೆ ಮಾಡಿದವಳೂ ನಾನೇ. ದಿನಾ ನಮ್ಮ ಮನೆಯಿರುವ ಪಲ್ಲಾವರಂನಿಂದ ರೈಲು ಹತ್ತಿ ಗಿಂಡಿಗೆ ಹೋಗಿ ಆ ಕಂಪ್ಯೂಟರಿನ ಮುಂದೆ ಕೂರುವುದೆಂದರೆ ನನಗೆ ಪ್ರಾಣ.

"ಆ ಸರ್ವರ್ ಒಂದಿನ ಕೈ ಕೊಟ್ರೆ ಎಂತ ಮಾಡುದು ಮಾರಾಯ್ತಿ?" ಎಂದರು ಇವರು. "ಆರ್ಡರ್ ಬರೀಲಿಕ್ಕೆ ಪುಸ್ತಕ ಸಾಕು. ನೀನು ಮನೆಯಲ್ಲೇ ಆರಾಮಾಗಿರು."

ಆರಾಮಂತೆ! ಮೈಯೆಲ್ಲ ಉರಿದುಹೋಯಿತು. "ಬ್ಯಾಕಪ್ ಉಂಟು. ಅದನ್ನು ಮನೆಯ ಕಂಪ್ಯೂಟರಿಗೆ ಇಳಿಸಿ, ಹೋಟೆಲನ್ನು ಅಲ್ಲಿಂದಲೇ ನಡೆಸಿ ತೋರಿಸ್ತೇನೆ. ಸೋತರೆ ಮತ್ತೆ ಗಿಂಡಿಗೆ ಕಾಲಿಡುದಿಲ್ಲ!" ಎಂದು ಪಂಥ ಕಟ್ಟಿದೆ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಹೋಟೆಲು ಖಾಲಿಯಿರುವ ಹೊತ್ತು ನೋಡಿ, ಮನೆಯಲ್ಲಿ ಕುಳಿತೆ.

"ವೇಂಡಾಮ್ಮಾ," ಎಂದಳು ಮಗಳು. ಬೇಡವಂತೆ! ಗುಂಡಿ ಒತ್ತಿಯೇ ಬಿಟ್ಟೆ.

ಭಾನುವಾರ ಬೆಳಗಿನ ಜನಜಂಗುಳಿಯಲ್ಲಿ ತೆಗೆದಿದ್ದ ಬ್ಯಾಕಪ್ಪು ಸುಸೂತ್ರವಾಗಿ ಇಳಿಯಿತು. ಅದರೊಳಗೆ ಆ ಹೊತ್ತಿನ ಬಾಕಿ ಆರ್ಡರುಗಳಿದ್ದವು, ಅಡುಗೆಮನೆಯ ಪ್ರಿಂಟರಿನ ವಿಳಾಸವೂ ಇತ್ತು. ತಾನು ಬರೀ ನಕಲು ಎಂಬುದು ಪಾಪ ಅದಕ್ಕೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ!

ಇಪ್ಪತ್ತೇ ನಿಮಿಷಕ್ಕೆ ಇವರ ಫೋನು.

"ಎಂಥದಿದು ಮಾರಾಯ್ತಿ! ಖಾಲಿ ಟೇಬಲಿಗೆಲ್ಲ ಮಸಾಲೆ ದೋಸೆ ಬಂದು ಕೂತಿದೆ! ಭಟ್ರು ಚೀಟಿ ತೋರಿಸ್ತಾರೆ, ಕಾವಲಿ ಬಿಟ್ಟು ಈಚೆ ಬರುದಿಲ್ಲ!"

"ಎಷ್ಟು ಬಂತು?"

"ನಲ್ವತ್ತೊಂದು!"

ಪಟ್ಟಿ ನೋಡಿದೆ. "ನಲ್ವತ್ಮೂರು ಇರ್ಬೇಕಲ್ಲ?"

"ಇನ್ನೆರಡು ಕಾವಲಿ ಮೇಲುಂಟು!"

ನೋಡಿದಿರಾ? ಒಂದೇ ಒಂದು ದೋಸೆಯೂ ಕಳೆದುಹೋಗಿರಲಿಲ್ಲ! ಇಂಥ ಬ್ಯಾಕಪ್ಪು ಇಡೀ ಚೆನ್ನೈಯಲ್ಲಿ ಯಾರ ಹತ್ತಿರ ಇದೆ?

ಆದರೆ ಇಡ್ಲಿ, ಪೊಂಗಲಿನ ಚೀಟಿಗಳು ಇನ್ನೂ ಸರದಿಯಲ್ಲಿ ಕಾಯುತ್ತಿದ್ದವು. ಮನೆಯ ನಕಲನ್ನು ಅಳಿಸಿಬಿಡೋಣವೆಂದು ಹೊರಟೆ. ಪರದೆಯ ಮೇಲೆ ನಕಲು ಒಂದು ಕಡೆ, ಕ್ಲೌಡಿನ ಅಸಲು ಇನ್ನೊಂದು ಕಡೆ. ನೋಡಲು ಎರಡೂ ಅವಳಿ ಜವಳಿ. "ಖಂಡಿತ ಅಳಿಸಲೇ?" ಎಂದು ಕಂಪ್ಯೂಟರು ಕೇಳಿತು. "ಖಂಡಿತ" ಎಂದೆ.

ಅಸಲು ಹೋಯಿತು!

ಆದರೂ ಸೋಲೊಪ್ಪುವ ಜನ್ಮವಲ್ಲ ನನ್ನದು. ಹಳೆಯ ಚೀಟಿಗಳನ್ನು ಒಂದೊಂದಾಗಿ ತೆಗೆದು, ಸಪ್ಲಾಯರ್‌ಗಳ ಫೋನುಗಳನ್ನೆಲ್ಲ ಮನೆಯ ಕಂಪ್ಯೂಟರಿಗೆ ತಿರುಗಿಸಿದೆ. ಸಂಜೆಯ ಟಿಫನ್ನಿನ ಹೊತ್ತಿಗೆ ಹೋಟೆಲು ಏನೂ ಆಗದ ಹಾಗೆ ನಡೆಯುತ್ತಿತ್ತು.

"ಈಗ ಹೇಳಿ, ಪಂಥ ಗೆದ್ದದ್ದು ಯಾರು?" ಎಂದು ರಾತ್ರಿ ಮನೆಗೆ ಬಂದ ಇವರನ್ನು ಕೇಳಿದೆ.

"ನೀನೇ ಮಾರಾಯ್ತಿ," ಎಂದು ಇವರು ಎರಡೂ ಕೈ ಮುಗಿದರು.

ಅಂದಿನಿಂದ ಹೋಟೆಲು ನಡೆಯುವುದು ನಮ್ಮ ಪಡಸಾಲೆಯ ಕಂಪ್ಯೂಟರಿನಲ್ಲಿ. ಮತ್ತೆ ಅದನ್ನು ಕ್ಲೌಡಿಗೆ ಏರಿಸುತ್ತೇನೆ ಎಂದರೆ ಮಗಳು ಕೀಬೋರ್ಡನ್ನೇ ಎತ್ತಿಕೊಂಡು ಹೋಗುತ್ತಾಳೆ. ಇಲ್ಲಿ ಕರೆಂಟು ಹೋದರೆ ಅಲ್ಲಿ ಸಾಂಬಾರು ನಿಲ್ಲುತ್ತದೆ, ಹಾಗಾಗಿ ಯಾರಾದರೂ ಪಕ್ಕದಲ್ಲೇ ಕಾವಲಿರಬೇಕು.

ಗೆದ್ದವಳು ನಾನು. ಗಿಂಡಿ ನೋಡಿ ತಿಂಗಳಾಯಿತು!