ರೇಗುವವನ ರೆಗೆ

ನನಗೆ ತಾಳಜ್ಞಾನ ಹುಟ್ಟಿನಿಂದಲೇ ಇದೆ. ಇದನ್ನು ಅಹಂಕಾರದಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ರಿಪ್ಪನ್‌ಪೇಟೆಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ನಾನು ಓಡುತ್ತಿರುವ ಪಂಪಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ ಬುಷ್ ಹೋಗಿದೆಯೋ ಹೇಳಬಲ್ಲೆ. ಇಂಥ ಕಿವಿಯವನಿಗೆ ಭಜನೆಯ ತಾಳ ಯಾವ ಮಹಾ ಲೆಕ್ಕ? ಶನಿವಾರದ ಭಜನಾ ಮಂಡಳಿಯಲ್ಲಿ ಕಂಚಿನ ತಾಳದ ಜೋಡಿ ವರ್ಷಗಟ್ಟಲೆ ನನ್ನ ಕೈಯಲ್ಲೇ ಇತ್ತು. ಉಳಿದವರ ಚಪ್ಪಾಳೆ ಬಿದ್ದು ಒಂದು ಕ್ಷಣ ಕಳೆದ ಮೇಲೆ ನನ್ನ 'ಠಿಣ್' ಕೇಳಿಸುತ್ತಿತ್ತು ಎಂಬುದು ನಿಜ. ಪಾಪ, ಅವಸರದ ಜನ ಎಂದು ನಾನು ಅವರನ್ನೆಲ್ಲ ಕ್ಷಮಿಸಿದ್ದೆ.

ಮಂಡಳಿ ನನ್ನನ್ನು ಕ್ಷಮಿಸಲಿಲ್ಲ. ಹಾರ್ಮೋನಿಯಂ ನುಡಿಸುವ ಸೀತಾರಾಮ ಭಟ್ಟರು ಮಂಡಳಿಯ ಯಜಮಾನರು. ಒಂದು ಶನಿವಾರ ಅವರು ಬಹಳ ಮರ್ಯಾದೆಯಿಂದ ನನ್ನ ಕೈಯಲ್ಲಿದ್ದ ತಾಳ ತೆಗೆದುಕೊಂಡು, ಅದೇ ಮರ್ಯಾದೆಯಿಂದ ಪಂಚಕಜ್ಜಾಯದ ಪಾತ್ರೆ ಕೊಟ್ಟರು. ನಿನ್ನಂಥ ಹಿರಿಯರು ಪ್ರಸಾದ ಹಂಚಿದರೆ ಪ್ರಸಾದಕ್ಕೂ ಒಂದು ತೂಕ ಎಂದರು. ನಾನು ಇದನ್ನು ಬಡ್ತಿ ಎಂದೇ ತಿಳಿದು ಮನೆಗೆ ಬಂದು ಹೆಂಡತಿ ಗಿರಿಜೆಗೆ ವರದಿ ಒಪ್ಪಿಸಿದೆ. ಅವಳು ದೋಸೆ ಮಗುಚುತ್ತಾ, "ತಾಳ ಕಿತ್ಗಂಡ್ರು ಅನ್ನಿ" ಎಂದಳು.

ಆಗ ಅರ್ಥವಾಯಿತು. ರೇಗಿದೆ.

ರೇಗುವುದು ನನ್ನ ಎರಡನೆಯ ಹುಟ್ಟುಗುಣ. ಕರೆಂಟು ಹೋದರೆ ರೇಗುತ್ತೇನೆ, ರಿಪೇರಿಯ ನಡುವೆ ಫಕ್ಕನೆ ಬಂದರೂ ರೇಗುತ್ತೇನೆ. ಅಂದು ಭಟ್ಟರ ಮೇಲೆ ರೇಗಿ, ಹಾರ್ಮೋನಿಯಂ ಮೇಲೆ ರೇಗಿ, ಕೊನೆಗೆ ನಾವು ಭಜನೆಗೆ ಕೂರುವ ದೇವಸ್ಥಾನದ ಚಂದ್ರಶಾಲೆಯ ನೆಲವೇ ಸಮ ಇಲ್ಲ, ಅದಕ್ಕೇ ತಾಳ ಕೂಡುತ್ತಿಲ್ಲ ಎಂದು ಸಾಧಿಸಿದೆ. ಗಿರಿಜೆ "ಕುಣಿಲಾರದೋಳು..." ಎಂದು ಗಾದೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು. ಉಳಿದರ್ಧ ನನಗೆ ಗೊತ್ತಿತ್ತು.

ಇಷ್ಟರಲ್ಲಿ ಮಗಳು ಪಲ್ಲವಿಯ ಪ್ರಕರಣ ಬಂತು. ಅವಳು ದಿನಾ ಬಸ್ಸಿನಲ್ಲಿ ಹೋಗಿ ಬಂದು ಸಾಗರದಲ್ಲಿ ಡಿಗ್ರಿ ಓದುತ್ತಾಳೆ, ಬಿಡುವಿದ್ದಾಗ ರ‍್ಯಾಪ್ ಬರೆಯುತ್ತಾಳೆ. ರ‍್ಯಾಪ್ ಎಂದರೆ ಹಿಪ್-ಹಾಪ್ ಸಂಗೀತದವರು ಮಾಡುವ, ಹಾಡೂ ಅಲ್ಲದ ಜಗಳವೂ ಅಲ್ಲದ ಒಂದು ಪ್ರಕಾರ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟರು ಊರುಗಳ ಹೆಸರು ಕೂಗುವುದನ್ನೇ ಹಿಡಿದು ಅವಳೊಂದು ಪದ್ಯ ಕಟ್ಟಿದ್ದಳು:

"ರಿಪ್ಪನ್‌ಪೇಟೆ, ಹುಂಚ, ಹೊಸನಗರ, ನಗರ,
ಸೀಟಿಲ್ಲ ಸ್ವಾಮಿ, ನಿಂತ್ಕಂಡೇ ಸಾಗರ!"

ಇದಕ್ಕೆ ಸಂಗೀತ ಕೂಡಿಸುವವನು ಅವಳ ಸಹಪಾಠಿ ವಿನ್ಸೆಂಟ್. ಸಾಗರದವನು, ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗ. ಸಾಗರದಲ್ಲೊಂದು ಯುವಜನರ ಕಾರ್ಯಕ್ರಮ ಇತ್ತು. ಅಲ್ಲಿ ಮೆಚ್ಚುಗೆಯಾದ ಒಂದೇ ತಂಡಕ್ಕೆ ತೀರ್ಥಹಳ್ಳಿಯ ದೊಡ್ಡ ವೇದಿಕೆಗೆ ಕರೆ. ರಿಪ್ಪನ್‌ಪೇಟೆಯವಳಿಗೆ ಎಂಥ ರ‍್ಯಾಪ್ ಎಂದು ಕಾಲೇಜಿನಲ್ಲಿ ನಕ್ಕವರೆಲ್ಲ ತೀರ್ಥಹಳ್ಳಿಯಲ್ಲಿ ತನ್ನ ಹಾಡು ಕೇಳಬೇಕು ಎಂಬುದು ಪಲ್ಲವಿಯ ಹಟ. ಊಟ ಮಾಡುವಾಗಲೂ ಅವಳ ಬಾಯಲ್ಲಿ ಹುಂಚ, ಹೊಸನಗರ!

ಭಾನುವಾರ ಅವರಿಬ್ಬರೂ ನಮ್ಮ ಅಂಗಡಿಯಲ್ಲೇ ತಾಲೀಮು ನಡೆಸಿದ್ದರು. ನಾನು ಒಂದು ಮೋಟಾರು ಬಿಚ್ಚಿಕೊಂಡು, ಭಟ್ಟರನ್ನು ನೆನೆದು ಒಳಗೊಳಗೇ ಕುದಿಯುತ್ತಾ, ಸ್ಪ್ಯಾನರಿನಿಂದ ಅದರ ಕಬ್ಬಿಣದ ಮೈಗೆ ಕುಟ್ಟುತ್ತಿದ್ದೆ. ವಿನ್ಸೆಂಟ್ ತಟ್ಟನೆ ಕೀಬೋರ್ಡ್ ನಿಲ್ಲಿಸಿದ. ಗಲಾಟೆ ಆಯಿತೇನೋ ಎಂದು ನಾನೂ ನಿಲ್ಲಿಸಿದೆ.

"ಅಂಕಲ್, ಅದನ್ನೇ ಇನ್ನೊಂದ್ಸಲ ಹೊಡೀರಿ" ಎಂದ.

ಹೊಡೆದೆ. ಅವನ ಮುಖ ಅರಳಿತು. ಆಮೇಲೆ ಅವನು ಹೇಳಿದ್ದು ಇಷ್ಟು: ಜಮೈಕಾ ಎಂದೊಂದು ದ್ವೀಪವಿದೆ. ಅಲ್ಲಿಯ ಸಂಗೀತದ ಹೆಸರು ರೆಗೆ. ಅದರಲ್ಲಿ ಗಿಟಾರಿನ ಪೆಟ್ಟು ತಾಳದ ಮೇಲೆ ಬೀಳುವುದಿಲ್ಲ. ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ. ಅದರದೇ ಚುರುಕಿನ ಮಗು ಡ್ಯಾನ್ಸ್‌ಹಾಲ್, ಕುಣಿಯುವವರಿಗಾಗಿ ಹುಟ್ಟಿದ್ದು. ಇವೆರಡನ್ನೂ ಹಿಪ್-ಹಾಪ್ ಮಾತಿನೊಂದಿಗೆ ಬೆರೆಸಬೇಕೆಂದು ಇವರು ತಿಂಗಳುಗಳಿಂದ ಒದ್ದಾಡುತ್ತಿದ್ದಾರೆ. ಮಾತು ಸಿಕ್ಕಿದೆ, ಕುಣಿತ ಸಿಕ್ಕಿದೆ, ಆ ನಡುವಿನ ಪೆಟ್ಟು ಮಾತ್ರ ಸಿಗುತ್ತಿಲ್ಲ. ಯಂತ್ರದಲ್ಲಿ ಹಾಕಿದರೆ ಜೀವ ಇಲ್ಲ. "ಅಂಕಲ್ ಕೈಯಲ್ಲಿ ಇರೋದು ಅಸಲಿ ರೆಗೆ" ಎಂದು ಮುಗಿಸಿದ.

ಅಂಗಡಿಯ ಹಿಂದೆಯೇ ಇರುವ ಮನೆಯೊಳಗಿನಿಂದ ಗಿರಿಜೆಯ ಧ್ವನಿ ಬಂತು. "ರೇಗೋದಾ? ಅದು ಬೆಳಿಗ್ಗೆಯಿಂದ ಸಂಜೆ ತಂಕ ಇರ್ತದೆ ಮಾರಾಯ, ಎಷ್ಟು ಬೇಕು?"

ನಾನು ಅವಳ ಮಾತಿಗೆ ಕಿವಿಗೊಡಲಿಲ್ಲ. ಎದೆ ತುಂಬಿ ಬಂದಿತ್ತು. ಇಷ್ಟು ವರ್ಷ ನನ್ನದು ತಪ್ಪು ತಾಳ ಎಂದರಲ್ಲ, ಒಂದು ಇಡೀ ದ್ವೀಪದ ಜನ ಅದನ್ನು ಹೆಮ್ಮೆಯಿಂದ ಬಾರಿಸುತ್ತಿದ್ದಾರೆ! ನನ್ನ ತಾಳ ಸರಿಯಾಗಿಯೇ ಇತ್ತು. ಹುಟ್ಟಿದ ಊರು ಮಾತ್ರ ತಪ್ಪಿತ್ತು. ಪಲ್ಲವಿ ಸ್ವಲ್ಪ ಅನುಮಾನದಿಂದಲೇ, ನನ್ನನ್ನು ವೇದಿಕೆಗೆ ಕರೆದಳು. ಅನುಮಾನ ಯಾಕೆ ಎಂದು ನಾನು ಅವಳ ಮೇಲೂ ಸ್ವಲ್ಪ ರೇಗಿ, ಒಪ್ಪಿಕೊಂಡೆ.

ಸಾಗರದ ಪೇಟೆಯಲ್ಲಿ ಹೊಸ ಕಂಚಿನ ತಾಳದ ಜೋಡಿ ಕೊಂಡೆ. ಕಲಾವಿದನಾದ ಮೇಲೆ ವೇಷಭೂಷಣ ಬೇಡವೇ? ಆ ದ್ವೀಪದವರು ಕೆಂಪು, ಹಳದಿ, ಹಸಿರಿನ ಉಣ್ಣೆಯ ಟೋಪಿ ಹಾಕುತ್ತಾರೆ ಎಂದು ವಿನ್ಸೆಂಟ್ ಬಾಯಿತಪ್ಪಿ ಹೇಳಿಬಿಟ್ಟಿದ್ದ. ಗಿರಿಜೆಯ ಹಿಂದೆ ಬಿದ್ದು ಒಂದು ಹೆಣೆಸಿದೆ. ಅವಳಿಗೆ ಬರುವುದು ಒಂದೇ ನಮೂನೆ, ಪಲ್ಲವಿ ಕೂಸಾಗಿದ್ದಾಗ ಹೆಣೆದ ಕುಲಾವಿ. ಬಣ್ಣ ಮೂರೂ ಸರಿಯಾಗಿದ್ದವು. ಗದ್ದದ ಕೆಳಗೆ ಕಟ್ಟಿಕೊಳ್ಳಲು ದಾರವೂ ಇತ್ತು. ಅದನ್ನು ಕಟ್ಟಿಕೊಂಡು ತಾಲೀಮಿಗೆಂದು ಸಾಗರದ ಬಸ್ಸು ಹತ್ತಿದರೆ ಕಂಡಕ್ಟರು ಟಿಕೆಟು ಹರಿಯುವುದು ಬಿಟ್ಟು, ಕಿವಿನೋವು ಎಷ್ಟು ದಿನದಿಂದ, ಬೆಳ್ಳುಳ್ಳಿ ಎಣ್ಣೆ ಬಿಟ್ಟಿರಾ ಎಂದು ವಿಚಾರಿಸಿಕೊಂಡ.

ಇದನ್ನಾದರೂ ಸಹಿಸಬಹುದು. ಅಂಗಡಿಗೆ ಬಂದವರಿಗೆಲ್ಲ ನಾನು "ಡ್ಯಾನ್ಸ್‌ಹಾಲ್‌ಗೆ ಸೇರಿದ್ದೇನೆ" ಎಂದು ಸಾರುತ್ತಿದ್ದೆ. ಈ ಸುದ್ದಿ ಹುಂಚ ದಾಟಿ ಅರಳಸುರಳಿ ಮುಟ್ಟುವಷ್ಟರಲ್ಲಿ ಹಾಲ್‌ಗೆ ಕೆಂಪು ದೀಪವೂ ಕುಣಿಯುವ ಹೆಣ್ಣುಗಳೂ ಸೇರಿಕೊಂಡಿದ್ದವು. ಗಿರಿಜೆಯ ಅಣ್ಣ ತಿಮ್ಮಪ್ಪ ಅಲ್ಲಿಂದ ಮರುದಿನವೇ ಬೈಕಿನಲ್ಲಿ ಬಂದಿಳಿದು, ನನ್ನನ್ನು ಅಂಗಡಿಯೊಳಗೆ ಕರೆದು ಶಟರು ಅರ್ಧ ಎಳೆದ. ಈ ವಯಸ್ಸಿನಲ್ಲಿ ಮನಸ್ಸು ಚಂಚಲವಾಗುವುದು ಸಹಜ ಎಂದು ನಯವಾಗಿ ಶುರು ಮಾಡಿದ. ನಾನು ಜಮೈಕಾದಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಅವನು ಪೂರ್ತಿ ಕೇಳಿ, "ಭಾವ, ಮಗಳನ್ನೂ ಕರ್ಕಂಡು ಹೋಗ್ತೀರಾ ಅಲ್ಲಿಗೆ?" ಎಂದ. ಅವಳೇ ನನ್ನನ್ನು ಕರೆದುಕೊಂಡು ಹೋಗುತ್ತಿರುವುದು ಎಂದೆ. ತಿಮ್ಮಪ್ಪ ಗೋಡೆಗೆ ಒರಗಿ ಕುಳಿತ.

ಭಟ್ಟರಿಗೂ ಹೋಗಿ ಹೇಳಿದೆ. ಹಿತ್ತಲ ಗಿಡ ಮದ್ದಲ್ಲ, ನನ್ನ ಬೆಲೆ ತಿಳಿಯಲು ಸಮುದ್ರದಾಚೆಯವರೇ ಬೇಕಾಯಿತು ಎಂದು ಚುಚ್ಚಿದೆ. ಅವರು ರೇಗಲಿಲ್ಲ. ತಾಳ ಕಿತ್ತುಕೊಂಡದ್ದಕ್ಕೆ ಅವರ ಮನಸ್ಸಿಗೂ ಕೆಡುಕಾಗಿತ್ತಂತೆ. "ಎಂತದೇ ಇರ್ಲಿ, ನಮ್ಮ ಮಂಡಳಿಯವ ನೀನು. ಅಲ್ಲಿ ತಪ್ಪಿದ್ರೆ ನಮಗೂ ಮರ್ಯಾದಿ ಅಲ್ಲ. ನಾವೆಲ್ಲ ಬತ್ತೇವೆ, ಎದುರಿಗೇ ಕೂತ್ಕಳ್ತೇವೆ" ಎಂದರು. ನನ್ನ ಕಣ್ಣು ಒದ್ದೆಯಾಯಿತು. ಆಗಲೇ ಬೇಡ ಎನ್ನಬೇಕಿತ್ತು!

ಕಾರ್ಯಕ್ರಮದ ದಿನ ವೇದಿಕೆ ಹತ್ತುವ ಮುಂಚೆ ವಿನ್ಸೆಂಟ್ ನನಗೆ ಒಂದೇ ಮಾತು ಹೇಳಿದ: ಏನೂ ಯೋಚನೆ ಮಾಡಬೇಡಿ, ಯಾವತ್ತಿನ ಹಾಗೆ ಹೊಡೆಯಿರಿ. ಪಲ್ಲವಿ ನನ್ನ ಕುಲಾವಿಯ ದಾರ ಬಿಗಿದು ಕಟ್ಟಿದಳು. ಅವಳ ಬೆರಳು ತಣ್ಣಗಿದ್ದವು.

ಶುರುವಾಯಿತು. ವಿನ್ಸೆಂಟನ ಯಂತ್ರ ದಿಮ್ ಎಂದಿತು. ಒಂದು ಕ್ಷಣ ಬಿಟ್ಟು ನನ್ನ ತಾಳ ಠಿಣ್ ಎಂದಿತು. ನಡುವಿನ ಜಾಗದಲ್ಲಿ ಪಲ್ಲವಿಯ ರಿಪ್ಪನ್‌ಪೇಟೆ, ಹುಂಚ, ಹೊಸನಗರ ಪುಟಿದುಕೊಂಡು ಬಂದವು. ಹಿಂದಿನ ಸಾಲಿನ ಕಾಲೇಜು ಹುಡುಗರು ಭುಜ ಕುಣಿಸತೊಡಗಿದರು. ನನ್ನ ಮಗಳು ಚೆನ್ನಾಗಿ ಹಾಡುತ್ತಿದ್ದಳು ಎಂದು ನಾನು ಹೇಳಿದರೆ ತಂದೆಯ ಮಾತಾಗುತ್ತದೆ, ಆದರೂ ಹೇಳುತ್ತೇನೆ: ಬಹಳ ಚೆನ್ನಾಗಿ ಹಾಡುತ್ತಿದ್ದಳು.

ಆಗ ಮುಂದಿನ ಸಾಲಿನಲ್ಲಿ ಭಟ್ಟರಿಗೆ ದಿಗಿಲಾಯಿತು. ನಾಗಣ್ಣ, ಅಂದರೆ ನಾನು, ಇಲ್ಲಿಯೂ ತಾಳ ತಪ್ಪುತ್ತಿದ್ದಾನೆ! ಅವರು ಎರಡೂ ಕೈ ತಲೆಯ ಮೇಲೆತ್ತಿ, ನನಗೆ ಕಾಣುವಂತೆ, ದಿಮ್ ಎಂದಲ್ಲೇ ಸರಿಯಾಗಿ ಚಪ್ಪಾಳೆ ಹಾಕತೊಡಗಿದರು. ಅವರ ಹಿಂದೆ ಇಡೀ ಮಂಡಳಿ. ಮಂಡಳಿಯ ಹಿಂದೆ ತಿಮ್ಮಪ್ಪ. ಜನ ಚಪ್ಪಾಳೆ ತಟ್ಟಿದರೆ ನಾವೂ ತಟ್ಟಬೇಕು ಎಂಬ ನಮ್ಮ ಕಡೆಯ ಸೌಜನ್ಯದಿಂದ ಇಡೀ ಸಭೆ. ಭಟ್ಟರು ಪ್ರೀತಿಯಿಂದ ತಲೆಯಾಡಿಸುತ್ತಾ, ಬಾ ಬಾ ಎಂದು ಕಣ್ಣಲ್ಲೇ ಕರೆದರು.

ನನ್ನ ಕೈ ಹೋಯಿತು. ಜೀವಮಾನದಲ್ಲಿ ಮೊದಲ ಸಲ ನನ್ನ ತಾಳ ಸರಿಯಾಗಿ ಬಿತ್ತು!

ಆ ಸುಖವನ್ನು ಏನೆಂದು ಹೇಳಲಿ? ಕಣ್ಣು ಮುಚ್ಚಿಬಿಟ್ಟೆ. ಸರಿಯಾದ ತಾಳ ಸಿಕ್ಕ ಮೇಲೆ ಭಜನೆಯವನ ಕೈ ಸುಮ್ಮನಿರುತ್ತದೆಯೇ, ವೇಗ ಏರಿಸಿದೆ. ಚಪ್ಪಾಳೆಯೂ ಏರಿತು. ಪಲ್ಲವಿ ತಪ್ಪಿದ ಬಸ್ಸಿನ ಹಿಂದೆ ಓಡುವವಳಂತೆ ಪದಗಳನ್ನು ಹಿಡಿದು ಓಡಿದಳು. ಹುಂಚ ಬಿಟ್ಟುಹೋಯಿತು, ನಗರ ಬಿಟ್ಟುಹೋಯಿತು. ವಿನ್ಸೆಂಟ್ ರೆಗೆಯನ್ನೂ ಡ್ಯಾನ್ಸ್‌ಹಾಲನ್ನೂ ಕೈಬಿಟ್ಟು ಹಾರ್ಮೋನಿಯಂ ಸ್ವರ ಒತ್ತಿ ಹಿಡಿದ. ಕಡೆಯ ಠಿಣ್ ಬಿದ್ದಾಗ ಹಿಂದಿನಿಂದ ಯಾರೋ ಕೂಗಿದರು, ಸಭೆಯೆಲ್ಲ ಕೈಯೆತ್ತಿ "ಗೋವಿಂದಾ, ಗೋವಿಂದ" ಎಂದಿತು. ಕಾರ್ಯಕ್ರಮ ಎರಡೂ ಅರ್ಥದಲ್ಲಿ ಗೋವಿಂದವಾಯಿತು.

ಭಟ್ಟರು ವೇದಿಕೆಗೇ ಬಂದು ನನ್ನನ್ನು ಅಪ್ಪಿಕೊಂಡರು. ಸಂಘಟಕರು ಬಂದು, ಇಂಥ ಭಕ್ತಿಪೂರ್ಣ ಭಜನೆ ಇತ್ತೀಚೆಗೆ ಕೇಳಿರಲಿಲ್ಲ, ತೀರ್ಥಹಳ್ಳಿಯಲ್ಲಿ ಬೆಳಗಿನ ಭಕ್ತಿಸಂಗೀತಕ್ಕೆ ನೀವೇ ಬನ್ನಿ ಎಂದರು. ಸಂಜೆಯ ವೇದಿಕೆಗೆ ಬೇರೆ ತಂಡ. ವಾಪಸ್ಸು ಬಸ್ಸಿನಲ್ಲಿ ಪಲ್ಲವಿ ಕಿಟಕಿ ಪಕ್ಕ ಕುಳಿತಿದ್ದಳು. ಆನಂದಪುರ ದಾಟಿದ ಮೇಲೆ ಮೆಲ್ಲಗೆ ಹೇಳಿದಳು:

"ಅಪ್ಪ, ಇಷ್ಟು ವರ್ಷ ತಪ್ಪೇ ಹೊಡ್ದೆ. ಇವತ್ತೊಂದು ದಿನ ತಪ್ಪು ಹೊಡಿಯಕ್ಕೆ ಆಗ್ಲಿಲ್ವಾ?"

ನನಗೆ ರೇಗಲೂ ಆಗಲಿಲ್ಲ. ಕುಲಾವಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಮುಂದಿನ ಶನಿವಾರ ಭಟ್ಟರು ತಾಳದ ಜೋಡಿಗೆ ಕುಂಕುಮ ಹಚ್ಚಿ, ನಾಲ್ಕು ಒಳ್ಳೆಯ ಮಾತಾಡಿ, ನನ್ನ ಕೈಗೆ ವಾಪಸ್ಸು ಕೊಟ್ಟರು. ಸಾಗರದಲ್ಲಿ ಸಾಧಿಸಿದವನಿಗೆ ರಿಪ್ಪನ್‌ಪೇಟೆ ಯಾವ ಲೆಕ್ಕ? ಎದೆ ಸೆಟೆಸಿ ಕುಳಿತೆ. ಹಾರ್ಮೋನಿಯಂ ಎದ್ದಿತು, ಚಪ್ಪಾಳೆ ಬಿತ್ತು. ಒಂದು ಕ್ಷಣ ಬಿಟ್ಟು, ಠಿಣ್.

ಭಟ್ಟರು ತಲೆ ತಗ್ಗಿಸಿದರು. ನಾನು ಅದನ್ನು ಭಕ್ತಿ ಎಂದುಕೊಂಡೆ. ಆರತಿಗೆಂದು ಬಂದಿದ್ದ ಪಲ್ಲವಿ ಬಾಗಿಲಲ್ಲಿ ನಿಂತಿದ್ದವಳು ಸರಕ್ಕನೆ ನನ್ನ ಪಕ್ಕ ಬಂದು ಕುಳಿತು ತಾಳದ ಹತ್ತಿರ ಮೊಬೈಲು ಹಿಡಿದಳು. "ಅಪ್ಪ, ನಿಲ್ಲಿಸ್ಬೇಡ" ಎಂದು ಪಿಸುಗುಟ್ಟಿದಳು. ಮಗಳೇ ಮೆಚ್ಚಿದ ಮೇಲೆ ಇನ್ನೇನು ಬೇಕು? ಭಜನೆ ಮುಗಿಯುವವರೆಗೂ ಹುರುಪಿನಿಂದ ಬಾರಿಸಿದೆ. ಮುಗಿದ ಕೂಡಲೇ ಭಟ್ಟರು ಪಂಚಕಜ್ಜಾಯದ ಪಾತ್ರೆಯನ್ನು ನನ್ನ ಕಡೆಗೆ ಸರಿಸಿದರು.

ತೀರ್ಥಹಳ್ಳಿಯ ಬೆಳಗಿನ ಭಕ್ತಿಸಂಗೀತಕ್ಕೆ ಎಲ್ಲರೂ ಹೋದೆವು. ವೇದಿಕೆಯ ಮೇಲೆ ಪಲ್ಲವಿ ಮತ್ತು ವಿನ್ಸೆಂಟ್ ಇಬ್ಬರೇ. ನನಗೆ ಪ್ರವೇಶ ನಿಷಿದ್ಧ. ಕಡೆಯ ಸಾಲಿನಲ್ಲಿ ಒಂದು ಕಡೆ ಗಿರಿಜೆ, ಇನ್ನೊಂದು ಕಡೆ ಭಟ್ಟರು, ನಡುವೆ ನಾನು. ಭಟ್ಟರು ಚಪ್ಪಾಳೆ ತಟ್ಟದಂತೆ ಪಲ್ಲವಿ ಅವರ ಎರಡೂ ಕೈಗೆ ಪಂಚಕಜ್ಜಾಯದ ಪಾತ್ರೆ ಕೊಟ್ಟು, ಕೆಳಗಿಡಬಾರದು ಎಂದು ತಾಕೀತು ಮಾಡಿದ್ದಳು.

ವಿನ್ಸೆಂಟ್ ಒಂದು ಗುಂಡಿ ಒತ್ತಿದ. ದಿಮ್. ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಿಂದ, ಪಲ್ಲವಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ನನ್ನದೇ ಠಿಣ್ ಹೊರಬಂತು, ಒಂದು ಕ್ಷಣ ತಡವಾಗಿ, ಕರಾರುವಾಕ್ಕಾಗಿ. ಭಕ್ತಿಸಂಗೀತಕ್ಕೆ ಬಂದ ಜನ ಮೊದಲು ಮುಖ ಮುಖ ನೋಡಿಕೊಂಡರು. "ಸೀಟಿಲ್ಲ ಸ್ವಾಮಿ" ಬಂದದ್ದೇ ನಕ್ಕರು. ಆಮೇಲೆ ತಲೆ ಆಡಿತು, ಭುಜ ಆಡಿತು, ಮುಂದಿನ ಸಾಲಿನ ಅಜ್ಜಿಯೊಬ್ಬರ ಊರುಗೋಲೂ ಆಡಿತು. ಹುಂಚ, ಹೊಸನಗರ, ನಗರ ಎಲ್ಲವೂ ಬಿಡದೆ ಬಂದವು. ಪಲ್ಲವಿ ಹಾಡುತ್ತಲೇ ನಮ್ಮ ಕಡೆ ನೋಡಿ ನಕ್ಕಳು. ನನ್ನ ತಾಳ, ನನ್ನ ಮಗಳು! ತಡೆಯಲಾಗದೆ ನಾನೂ ಪೆಟ್ಟಿಗೆಯ ಠಿಣ್‌ಗೆ ಸರಿಯಾಗಿ ಚಪ್ಪಾಳೆ ಹಾಕತೊಡಗಿದೆ.

ಮುಂದೆ ಕುಳಿತವರು ಒಬ್ಬೊಬ್ಬರಾಗಿ ಹಿಂತಿರುಗಿ ನೋಡಿದರು. ಭಟ್ಟರು ಪಾತ್ರೆ ಹಿಡಿದುಕೊಂಡೇ ನಿಟ್ಟುಸಿರುಬಿಟ್ಟರು. ಗಿರಿಜೆ ನನ್ನ ಎರಡೂ ಕೈ ಹಿಡಿದು ತನ್ನ ಮಡಿಲಲ್ಲಿ ಒತ್ತಿಟ್ಟುಕೊಂಡಳು.

"ಸುಮ್ನೆ ಕೂತ್ಕಳ್ರಿ. ಅದು ನೀವೇ ಹೊಡ್ದಿದ್ದು. ಅದಕ್ಕೂ ತಪ್ತಾ ಇದೀರಿ."