ಕರಗದ ಕಲ್ಲುಸಕ್ಕರೆ

ಸುಳ್ಳು ಹೇಳುವುದರಲ್ಲಿ ನಾನು ಬಲು ಜಿಪುಣ. ತೊಂಬತ್ತರ ದಶಕದಲ್ಲಿ ಸೊಲ್ಲಾಪುರದ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಸಹಾಯಕನಾಗಿದ್ದಾಗ ನಾನು ಹೇಳಿದ ಸುಳ್ಳೆಲ್ಲ ಮೂರನೇ ದಶಾಂಶ ಸ್ಥಾನದಲ್ಲೇ ಮುಗಿದುಹೋಗುತ್ತಿತ್ತು. ನಮ್ಮಲ್ಲಿ ಕ್ಯಾಲ್ಸೈಟಿನ ಒಂದು ಹರಳಿತ್ತು, ಓರೆಯಾದ ಪುಟ್ಟ ಗಾಜಿನ ಇಟ್ಟಿಗೆಯಂಥದು. ಒಳಹೊಕ್ಕ ಬೆಳಕನ್ನು ಅದು ಎರಡು ಕಿರಣವಾಗಿ ಒಡೆಯುವುದರಿಂದ, ಶಾಯಿಯ ಒಂದು ಚುಕ್ಕೆಯ ಮೇಲಿಟ್ಟರೆ ಎರಡು ಕಾಣುತ್ತಿದ್ದವು. ಮೇಲೆ ಪೋಲರಾಯ್ಡ್ ತುಣುಕು ಹಿಡಿದು ತಿರುಗಿಸಿದರೆ ಒಂದು ಚುಕ್ಕೆ ಮಾಯ. ಇನ್ನಷ್ಟು ತಿರುಗಿಸಿದರೆ ಅದು ಬಂದು ಇನ್ನೊಂದು ಮಾಯ. ಎರಡರ ನಡುವಿನ ಅಂತರ ಅಳೆದು ಲೆಕ್ಕ ಹಾಕಿದರೆ ದ್ವಿವಕ್ರೀಭವನ, ಎಂದರೆ ಬೆಳಕು ಹೀಗೆ ಒಡೆಯುವ ಪ್ರಮಾಣ, 0.172 ಬರಬೇಕೆಂದು ಪುಸ್ತಕ ಹೇಳುತ್ತದೆ. ನಮಗೆ ಹನ್ನೊಂದು ವರ್ಷ ಬರಲಿಲ್ಲ. ತಲೆಗೆ ಎಣ್ಣೆ ಹಚ್ಚಿದ ಕೈಯಿಂದಲೇ ಹುಡುಗರೆಲ್ಲ ಮುಟ್ಟಿ ಹರಳು ಮಬ್ಬಾಗಿತ್ತು. ಪುಸ್ತಕದ ಅಂಕಿಗೆ ಚೂರು ತಪ್ಪು ಬೆರೆಸಿ 0.178 ಎಂದು ಬರೆಯುವ ಕಲೆಯನ್ನು ಅವರಿಗೆ ನಾನೇ ಕಲಿಸಿದ್ದೆ.

ಒಂದು ಸಲ ಪರೀಕ್ಷೆಗೆ ಬರುವ ಪರೀಕ್ಷಕರು ಬಹಳ ಬಿಗಿ ಎಂದು ಸುದ್ದಿ ಬಂತು. ಹರಳನ್ನು ತೊಳೆದು ತರೋಣವೆಂದು ಶನಿವಾರ ಅಕ್ಕಲಕೋಟದ ಮನೆಗೆ ಒಯ್ದೆ. ಬಸ್ಸಿನಲ್ಲಿ ಅಂಗಿಯ ಕಿಸೆ ಹಿಡಿದುಕೊಂಡೇ ಕೂತಿದ್ದೆ; ವಳಸಂಗದಲ್ಲಿ ಹತ್ತಿದವರೊಬ್ಬರು ಎದೆನೋವೇ ಎಂದು ವಿಚಾರಿಸಿದರು. ಮನೆಯಲ್ಲಿ ಅವ್ವನ ಮುಂದೆ ಜಂಬ ಕೊಚ್ಚಿದೆ: “ಇದರಾಗ ಒಂದು ಸಾಮಾನ್ಯ ಕಿರಣ, ಒಂದು ಅಸಾಮಾನ್ಯ ಕಿರಣ.” ಜೋಳ ಹಸನು ಮಾಡುತ್ತಿದ್ದ ಅವ್ವ, “ಅಲ್ಲೇ ಇಡು,” ಎಂದಳು. ನಾಳೆ ತೊಳೆದರಾಯಿತೆಂದು ಒಲೆಕಟ್ಟೆಯ ಮೇಲಿಟ್ಟೆ.

ರವಿವಾರ ಸಂಜೆ ನೋಡಿದರೆ ಹರಳಿಲ್ಲ.

“ನೀನ ಅಂದೆಲ್ಲೋ, ಕಿರಾಣಾ ಸಾಮಾನ ಅಂತ. ಪ್ರಸಾದದ ಖಡೀಸಾಖರಿ ಡಬ್ಬ್ಯಾಗ ಹಾಕಿದ್ದೆ,” ಎಂದಳು ಅವ್ವ.

ಆ ಡಬ್ಬಿಯ ಕಲ್ಲುಸಕ್ಕರೆಯನ್ನೆಲ್ಲ ಅವಳು ಬೆಳಿಗ್ಗೆಯೇ ಪಕ್ಕದ ಮನೆಯ ಕಾಕಾನ ಕೆಮ್ಮಿಗೆ ಕೊಟ್ಟುಬಿಟ್ಟಿದ್ದಳು. ಲ್ಯಾಬಿನಲ್ಲಿದ್ದದ್ದು ಅದೊಂದೇ ಹರಳು. ಯಾರನ್ನೂ ಕೇಳದೆ ತಂದಿದ್ದೆ. ಮರುದಿನ ಅದಿಲ್ಲದಿದ್ದರೆ ಪರೀಕ್ಷೆ ಇಲ್ಲ, ನನ್ನ ನೌಕರಿಯೂ ಇಲ್ಲ.

ಓಡಿಹೋದೆ. ಹಲ್ಲಿಲ್ಲದ ಕಾಕಾ ಕಟ್ಟೆಯ ಮೇಲೆ ಒಂದು ಗಲ್ಲ ಉಬ್ಬಿಸಿಕೊಂಡು ಕೂತಿದ್ದರು. “ಮುಂಜಾನಿಂದ ಬಾಯಾಗ ಇಟ್ಕೊಂಡೀನಿ, ಕರಗವಲ್ದು. ರುಚಿ ಸಪ್ಪಗ ಅದ ನೋಡಪಾ, ಆದ್ರ ಕೆಮ್ಮು ನಿಂತದ.”

“ತಗದು ಕೊಡ್ರಿ ಕಾಕಾ, ಅದು ನಮ್ಮ ಕಾಲೇಜಿಂದು.”

“ಕಾಲೇಜಿನಾಗೂ ಪ್ರಸಾದ ಕೊಡಾಕತ್ತಾರೇನು?” ಎನ್ನುತ್ತ ಮನಸ್ಸಿಲ್ಲದೆ ತೆಗೆದುಕೊಟ್ಟರು.

ಸೋಮವಾರ ಪರೀಕ್ಷಕರು ಬರುವ ಮೊದಲು ಅಳೆದು ನೋಡಿದೆ. ಹನ್ನೊಂದು ವರ್ಷದ ಎಣ್ಣೆಯೆಲ್ಲ ಕಾಕಾನ ಬಾಯಲ್ಲಿ ಹೋಗಿ ಚುಕ್ಕೆಗಳು ಸೂಜಿಮೊನೆಯಷ್ಟು ಚೊಕ್ಕವಾಗಿದ್ದವು. ಬಂದದ್ದು 0.172. ಇನ್ನೊಮ್ಮೆ ಅಳೆದೆ, ಅದೇ. ಇಷ್ಟು ಖುಷಿ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಪರೀಕ್ಷಕರು ಬಂದು, ಹುಡುಗರ ಉತ್ತರಕ್ಕೆ ಹೋಲಿಸಲೆಂದು ನಾನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಅಳತೆಯ ಹಾಳೆ ನೋಡಿದರು. ಪುಸ್ತಕ ನೋಡಿ ಬರೆಯುವುದಿದ್ದರೂ ಇಷ್ಟು ಬಹಿರಂಗವಾಗಿ ಬರೆಯಬಾರದು ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಹರಳು ಈ ಸಲ ಸ್ವಚ್ಛವಾಗಿದೆ ಸರ್ ಎಂದೆ. ಯಾವುದರಿಂದ ತೊಳೆದಿರಿ ಎಂದು ಕೇಳುತ್ತ ಅವರು ಅದನ್ನು ಎತ್ತಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

ನಾನು ರಬ್ಬರು ತೆಗೆದುಕೊಂಡು ಹನ್ನೊಂದು ವರ್ಷದ ಆ ಒಂದೇ ನಿಜವನ್ನು ಒರೆಸಿ, ಕೈಗೆ ರೂಢಿಯಾಗಿದ್ದ 0.178 ಬರೆದೆ.

“ಆತಾ ಬರೋಬರ್,” ಈಗ ಸರಿಯಾಯಿತು, ಎಂದು ಅವರು ಸಹಿ ಹಾಕಿದರು.